ಹೃದಯಕ್ಕಾಗಿ ಹಣ್ಣು: ಯಾವ ರೂಪದಲ್ಲಿ, ಯಾವುದರ ಬದಲಿಗೆ, ಯಾರಿಗೆ ಯಾವುದು

ಹೃದಯಕ್ಕೆ ಯಾವ ಹಣ್ಣು ಒಳ್ಳೆಯದು ಎಂದು ಕೇಳುವವರಿಗೆ ಸಾಮಾನ್ಯವಾಗಿ ಬೇಕಿರುವುದು ಒಂದು ಹೆಸರು. ದಾಳಿಂಬೆ ಎಂದೋ ಸೇಬು ಎಂದೋ ಹೇಳಿಬಿಟ್ಟರೆ ನಾಳೆಯಿಂದಲೇ ತಂದು ತಿನ್ನಲು ಸಿದ್ಧರಿರುತ್ತಾರೆ. ಆದರೆ ಆಯ್ಕೆಯಲ್ಲಿ ಹಣ್ಣಿನ ಹೆಸರಿನ ಸರದಿ ಬರುವುದು ಕೊನೆಗೆ. ಅದಕ್ಕೂ ಮೊದಲು ಮೂರು ಪ್ರಶ್ನೆಗಳಿವೆ. ಹಣ್ಣು ಬಾಯಿಗೆ ಹೋಗುವಾಗ ಹಣ್ಣಾಗಿಯೇ ಇದೆಯೋ, ರಸವಾಗಿದೆಯೋ, ಒಣಗಿದೆಯೋ? ತಟ್ಟೆಯಲ್ಲಿ ಅದು ಯಾವುದರ ಜಾಗಕ್ಕೆ ಬಂತು? ನಿಮ್ಮ ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಕಿಡ್ನಿಯ ರಿಪೋರ್ಟು ಮತ್ತು ದಿನಾ ನುಂಗುವ ಮಾತ್ರೆಗಳು ಏನು ಹೇಳುತ್ತವೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಹಣ್ಣು ಯಾವುದೆಂಬುದು ಬಹುಪಾಲು ತಾನಾಗಿಯೇ ತೀರ್ಮಾನವಾಗುತ್ತದೆ. ಇವನ್ನು ಬಿಟ್ಟು ಬರೀ ಹೆಸರಿನ ಬೆನ್ನು ಹತ್ತಿದರೆ, ಒಬ್ಬರಿಗೆ ಒಗ್ಗಿದ ಹಣ್ಣೇ ಇನ್ನೊಬ್ಬರಿಗೆ ಅಪಾಯ ತರಬಹುದು.

ಎಷ್ಟು ಲಾಭ ನಿರೀಕ್ಷಿಸಬಹುದು

ಚೀನಾದಲ್ಲಿ ಸುಮಾರು 5 ಲಕ್ಷ ಜನರನ್ನು ವರ್ಷಗಟ್ಟಲೆ ಗಮನಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ತಾಜಾ ಹಣ್ಣನ್ನು ಮುಟ್ಟದ ಅಥವಾ ಅಪರೂಪಕ್ಕೆ ಮಾತ್ರ ತಿನ್ನುವವರಿಗೆ ಹೋಲಿಸಿದರೆ, ದಿನಾ ತಿನ್ನುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದಾಗುವ ಸಾವು ಸುಮಾರು ಶೇ. 40ರಷ್ಟು ಕಡಿಮೆ ಇತ್ತು. ಅವರ ಮೇಲಿನ ಬಿಪಿ ಸರಾಸರಿ 4 ಅಂಕ ಕೆಳಗಿತ್ತು. ಸಂಖ್ಯೆ ದೊಡ್ಡದು, ಆದರೆ ಅದನ್ನು ಪೂರ್ತಿ ಹಣ್ಣಿನ ಖಾತೆಗೆ ಜಮಾ ಮಾಡುವಂತಿಲ್ಲ. ದಿನಾ ಹಣ್ಣು ತಿನ್ನುವವರು ಸಾಮಾನ್ಯವಾಗಿ ಸಿಗರೇಟು ಕಡಿಮೆ ಸೇದುತ್ತಾರೆ, ಅನುಕೂಲಸ್ಥರಾಗಿರುತ್ತಾರೆ, ವೈದ್ಯರ ಹತ್ತಿರ ಬೇಗ ಹೋಗುತ್ತಾರೆ. ಲೆಕ್ಕದಲ್ಲಿ ಇದನ್ನೆಲ್ಲ ಸರಿದೂಗಿಸಲು ಪ್ರಯತ್ನಿಸುತ್ತಾರಾದರೂ ಪೂರ್ತಿ ಬೇರ್ಪಡಿಸುವುದು ಕಷ್ಟ. 2017ರಲ್ಲಿ ಹಲವು ದೇಶಗಳ 95 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಹೆಚ್ಚು ಸಂಯಮದ ಅಂದಾಜು ಕೊಡುತ್ತದೆ. ಹಣ್ಣು ತರಕಾರಿ ಸೇರಿ ದಿನಕ್ಕೆ 200 ಗ್ರಾಂ ಹೆಚ್ಚಾದಂತೆ ಹೃದಯದ ರಕ್ತನಾಳದ ಕಾಯಿಲೆ ಸುಮಾರು ಶೇ. 8, ಪಾರ್ಶ್ವವಾಯು ಶೇ. 16 ಕಡಿಮೆ ಕಂಡುಬಂತು. ಸೇಬು, ಮರಸೇಬು, ಕಿತ್ತಳೆ ಜಾತಿಯ ಹಣ್ಣುಗಳು ಅಲ್ಲಿ ಮುಂದಿದ್ದವು.

ಇವೆಲ್ಲ ಜನರನ್ನು ಗಮನಿಸಿ ಬರೆದಿಟ್ಟ ಲೆಕ್ಕಗಳು. ಊಟವನ್ನೇ ಬದಲಿಸಿ ಪರೀಕ್ಷಿಸಿದ ಪುರಾವೆ ಬೇಕೆಂದರೆ ಊಟದಿಂದ ಬಿಪಿ ಇಳಿಯುತ್ತದೆಯೇ ಎಂದು ನೋಡಿ 1997ರಲ್ಲಿ ಪ್ರಕಟವಾದ ಡ್ಯಾಶ್ ಎಂಬ ಪ್ರಯೋಗವನ್ನು ನೋಡಬೇಕು. 459 ವಯಸ್ಕರಿಗೆ 8 ವಾರ ಊಟವನ್ನು ಪ್ರಯೋಗದವರೇ ಸಿದ್ಧಪಡಿಸಿ ಕೊಟ್ಟರು. ಉಪ್ಪಿನ ಪ್ರಮಾಣವನ್ನೂ ದೇಹದ ತೂಕವನ್ನೂ ಬದಲಾಗಲು ಬಿಡಲಿಲ್ಲ. ಒಂದು ಗುಂಪಿಗೆ ಹಣ್ಣು ತರಕಾರಿಯನ್ನು ದಿನಕ್ಕೆ ಎಂಟು ಪಾಲಿಗೂ ಮೇಲೆ ಏರಿಸಿದರು. ಆ ಗುಂಪಿನ ಮೇಲಿನ ಬಿಪಿ 2.8, ಕೆಳಗಿನ ಬಿಪಿ 1.1 ಇಳಿಯಿತು. ಹಣ್ಣು ತರಕಾರಿಯ ಜೊತೆಗೆ ಕೊಬ್ಬು ಕಡಿಮೆಯಿರುವ ಹಾಲಿನ ಪದಾರ್ಥ ಸೇರಿಸಿ ಜಿಡ್ಡನ್ನೂ ತಗ್ಗಿಸಿದ ಗುಂಪಿನಲ್ಲಿ ಇಳಿಕೆ 5.5 ಮತ್ತು 3.0 ಆಯಿತು. ಆ ಗುಂಪಿನಲ್ಲಿ ಮೊದಲೇ ಬಿಪಿ ಹೆಚ್ಚಿದ್ದವರಿಗೆ ಮೇಲಿನ ಅಂಕ 11.4ರಷ್ಟು ಇಳಿಯಿತು, ಇದು ಒಂದು ಮಾತ್ರೆಯ ಕೆಲಸಕ್ಕೆ ಸಮ. ಹಣ್ಣು ಒಂದೇ ಮಾಡುವುದು ಸಣ್ಣ ಕೆಲಸ, ಇಡೀ ಊಟ ಜೊತೆಗೂಡಿದರೆ ಅದೇ ಹಣ್ಣು ದೊಡ್ಡ ಕೆಲಸದಲ್ಲಿ ಪಾಲುದಾರ ಎಂಬುದು ಈ ಎರಡು ಸಾಲು ಅಂಕಿಗಳಲ್ಲೇ ಇದೆ.

ಮೊದಲ ಆಯ್ಕೆ: ಇಡೀ ಹಣ್ಣೋ, ರಸವೋ, ಒಣಹಣ್ಣೋ

ಒಂದು ಕಿತ್ತಳೆಯನ್ನು ಕೈಗೆತ್ತಿಕೊಳ್ಳಿ. ಮಧ್ಯಮ ಗಾತ್ರದ್ದಾದರೆ ಸಿಪ್ಪೆ ಸುಲಿದ ಮೇಲೆ ಸುಮಾರು 130 ಗ್ರಾಂ ತೊಳೆ ಸಿಗುತ್ತದೆ. ಅದರಲ್ಲಿ 12 ಗ್ರಾಂ ಸಕ್ಕರೆ, 3 ಗ್ರಾಂ ನಾರು. ಆ ನಾರಿನ ಬಹುಪಾಲು ಇರುವುದು ತೊಳೆಯ ಹೊರಪೊರೆಯಲ್ಲಿ ಮತ್ತು ಅದಕ್ಕೆ ಅಂಟಿಕೊಂಡ ಬಿಳಿ ಎಳೆಗಳಲ್ಲಿ. ಈಗ ಅಂಥ ಮೂರು ಹಣ್ಣು ಹಿಂಡಿ. ಒಂದು ಲೋಟ, ಅಂದರೆ ಸುಮಾರು 240 ಮಿಲಿ ರಸ ಬರುತ್ತದೆ. ಅದರಲ್ಲಿ ಉಳಿಯುವ ಸಕ್ಕರೆ ಸುಮಾರು 21 ಗ್ರಾಂ, ನಾರು ಅರ್ಧ ಗ್ರಾಂ. ಮೂರು ಹಣ್ಣಿನ ಒಂಬತ್ತು ಗ್ರಾಂ ನಾರಿನಲ್ಲಿ ಎಂಟೂವರೆ ಗ್ರಾಂ ಜರಡಿಯಲ್ಲೇ ಕೂತಿತು. ಹೃದಯಕ್ಕೆ ಕೆಲಸಕ್ಕೆ ಬರುವ ಭಾಗವನ್ನು ಎಸೆದು, ಮಿತಿಯಲ್ಲಿರಬೇಕಾದ ಭಾಗವನ್ನು ಕುಡಿದಂತಾಯಿತು.

ಇದರ ಪರಿಣಾಮ ಪ್ರಯೋಗಗಳಲ್ಲೂ ಕಂಡಿದೆ. 1977ರಷ್ಟು ಹಿಂದೆಯೇ ಒಂದೇ ಪ್ರಮಾಣದ ಸಕ್ಕರೆಯುಳ್ಳ ಸೇಬನ್ನು ಇಡಿಯಾಗಿ, ನುರಿದು, ರಸವಾಗಿ ಕೊಟ್ಟು ನೋಡಿದ್ದರು. ಇಡೀ ಹಣ್ಣಿಗಿಂತ ರಸ ಹನ್ನೊಂದು ಪಟ್ಟು ಬೇಗ ಹೊಟ್ಟೆ ಸೇರಿತು, ಹಸಿವು ಮಾತ್ರ ಅಷ್ಟು ತಣಿಯಲಿಲ್ಲ, ಇನ್ಸುಲಿನ್ ಹೆಚ್ಚು ಏರಿತು. 2013ರ ಇನ್ನೊಂದು ಸಣ್ಣ ಪ್ರಯೋಗದಲ್ಲಿ ಇಡೀ ಸೇಬು ಅಥವಾ ಸೇಬಿನ ಹಿಂಡಿ ತಿಂದ ಅವಧಿಗೆ ಹೋಲಿಸಿದರೆ, ಸೋಸಿ ತಿಳಿಯಾಗಿಸಿದ ಸೇಬಿನ ರಸ ಕುಡಿದ ಅವಧಿಯಲ್ಲಿ ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಸುಮಾರು ಶೇ. 7 ಹೆಚ್ಚಿತ್ತು. ಹಣ್ಣು ಅದೇ. ಸಿಪ್ಪೆ, ತಿರುಳು, ಪೆಕ್ಟಿನ್ ಎಂಬ ಕರಗುವ ನಾರು ಹೋದವು ಅಷ್ಟೆ.

ವಿಶ್ವ ಆರೋಗ್ಯ ಸಂಸ್ಥೆ ಹಣ್ಣಿನ ರಸದ ಸಕ್ಕರೆಯನ್ನು ಬೆರೆಸಿದ ಸಕ್ಕರೆಯ ಸಾಲಿಗೇ ಸೇರಿಸುತ್ತದೆ. ಮನೆಯಲ್ಲೇ ಹಿಂಡಿದ್ದು, ಸಕ್ಕರೆ ಹಾಕಿಲ್ಲ ಎಂದರೂ ಲೆಕ್ಕ ಬದಲಾಗದು. ಇಡೀ ಹಣ್ಣಿನೊಳಗಿನ ಸಕ್ಕರೆ ಮಾತ್ರ ಆ ಲೆಕ್ಕಕ್ಕೆ ಬರುವುದಿಲ್ಲ. ಕುಡಿಯಲೇಬೇಕೆಂದರೆ ದಿನಕ್ಕೆ 150 ಮಿಲಿಗೆ ನಿಲ್ಲಿಸಿ, ಊಟದ ಜೊತೆ ಕುಡಿಯಿರಿ, ಸೋಸಬೇಡಿ. ರಸಕ್ಕೆ ನಿಜವಾಗಿಯೂ ಹೇಳಿಮಾಡಿಸಿದ ಸಂದರ್ಭವೊಂದಿದೆ. ಮಧುಮೇಹದ ಔಷಧಿ ತೆಗೆದುಕೊಳ್ಳುವವರಿಗೆ ಸಕ್ಕರೆ ಏಕಾಏಕಿ ಕುಸಿದು ಕೈ ನಡುಗಿ ಬೆವರುವಾಗ ಅರ್ಧದಿಂದ ಮುಕ್ಕಾಲು ಲೋಟ ರಸ 10ರಿಂದ 15 ಗ್ರಾಂ ಸಕ್ಕರೆಯನ್ನು ಬೇಗ ರಕ್ತಕ್ಕೆ ಮುಟ್ಟಿಸುತ್ತದೆ. ಆ ಹೊತ್ತಿನಲ್ಲಿ ಇಡೀ ಸೇಬು ಅಗಿಯುತ್ತ ಕೂರುವುದು ತಪ್ಪು.

ಮಿಕ್ಸಿಯಲ್ಲಿ ತಿರುವಿ ಸೋಸದೆ ಕುಡಿಯುವ ಸ್ಮೂದಿ ರಸಕ್ಕಿಂತ ಎಷ್ಟೋ ಮೇಲು, ನಾರು ಲೋಟದಲ್ಲೇ ಉಳಿಯುತ್ತದೆ. ಅಲ್ಲಿ ಕೆಡುವುದು ಪ್ರಮಾಣ. ಎರಡು ಬಾಳೆಹಣ್ಣು, ಒಂದು ಮಾವು, ನಾಲ್ಕು ಖರ್ಜೂರ, ಒಂದು ಚಮಚ ಜೇನು ಸೇರಿಸಿ ಎರಡು ನಿಮಿಷದಲ್ಲಿ ಕುಡಿದು ಮುಗಿಸುತ್ತಾರೆ. ಅಷ್ಟನ್ನೂ ತಟ್ಟೆಯಲ್ಲಿ ಇಟ್ಟುಕೊಂಡು ಒಂದೇ ಸಲಕ್ಕೆ ತಿನ್ನುತ್ತಿದ್ದಿರಾ ಎಂದು ಕೇಳಿಕೊಂಡರೆ ಅಳತೆ ಸಿಗುತ್ತದೆ. ಅಗಿದು ತಿನ್ನಬಹುದಾದಷ್ಟೇ ಹಣ್ಣು ಮಿಕ್ಸಿಗೆ ಹೋಗಲಿ, ಸಿಹಿ ಬೇರೆ ಬೇಡ.

ಒಣಹಣ್ಣಿನಲ್ಲಿ ನಾರೂ ಪೊಟ್ಯಾಸಿಯಮ್ಮೂ ಉಳಿದಿರುತ್ತವೆ, ನೀರು ಹೋಗಿರುವುದರಿಂದ ಸಕ್ಕರೆ ಒತ್ತೊತ್ತಾಗಿರುತ್ತದೆ. ಒಂದು ಕಿಲೋ ಒಣದ್ರಾಕ್ಷಿಗೆ ನಾಲ್ಕು ಕಿಲೋದಷ್ಟು ದ್ರಾಕ್ಷಿ ಬೇಕಾಗುತ್ತದೆ. ಆದ್ದರಿಂದ ತಾಜಾ ಹಣ್ಣಿನ ಪಾಲು 80 ಗ್ರಾಂ ಆದರೆ ಒಣಹಣ್ಣಿನ ಪಾಲು 30 ಗ್ರಾಂ, ಅಂದರೆ ಸಣ್ಣದೊಂದು ಹಿಡಿ. ಅಷ್ಟರಲ್ಲೇ ಸುಮಾರು 18 ಗ್ರಾಂ ಸಕ್ಕರೆ ಇದೆ. ಡಬ್ಬಿಯಿಂದ ನೇರವಾಗಿ ತಿನ್ನಬೇಡಿ, ಬಟ್ಟಲಿಗೆ ಅಳೆದು ಹಾಕಿಕೊಂಡು ಡಬ್ಬಿ ಮುಚ್ಚಿಡಿ. ಒಣ ಕ್ರ್ಯಾನ್‌ಬೆರಿಯಂಥ ಹುಳಿಹಣ್ಣುಗಳಿಗೆ ಸಾಮಾನ್ಯವಾಗಿ ಸಕ್ಕರೆ ಬೆರೆಸಿರುತ್ತಾರೆ, ಪೊಟ್ಟಣದ ಹಿಂಭಾಗ ಓದಿ. ಬಣ್ಣ ಕೆಡದಿರಲೆಂದು ಗಂಧಕದ ಹೊಗೆ ಕೊಟ್ಟ ಏಪ್ರಿಕಾಟ್ ಕೆಲವರಲ್ಲಿ ಅಸ್ತಮಾ ಕೆರಳಿಸುತ್ತದೆ.

ಫ್ರೀಜ್ ಮಾಡಿದ ಹಣ್ಣಿನ ಬಗ್ಗೆ ಅನುಮಾನ ಬೇಡ, ಕೊಯ್ದ ಕೂಡಲೇ ಹೆಪ್ಪುಗಟ್ಟಿಸುವುದರಿಂದ ಪೋಷಕಾಂಶ ಚೆನ್ನಾಗಿಯೇ ಉಳಿದಿರುತ್ತದೆ. ಡಬ್ಬಿಯ ಹಣ್ಣಾದರೆ ಸಕ್ಕರೆ ಪಾಕದಲ್ಲಿರುವುದನ್ನು ಬಿಟ್ಟು ಅದರದೇ ರಸದಲ್ಲೋ ನೀರಿನಲ್ಲೋ ಇರುವುದನ್ನು ಕೊಳ್ಳಿ. ಪಾಕದ್ದೇ ಸಿಕ್ಕರೆ ಬಸಿದು, ಒಮ್ಮೆ ನೀರಿನಲ್ಲಿ ತೊಳೆದು ತಿನ್ನಿ. ಜ್ಯಾಮ್, ಹಣ್ಣಿನ ಸ್ಕ್ವಾಷ್, ಹಣ್ಣಿನ ರುಚಿಯ ಮೊಸರನ್ನು ಹಣ್ಣೆಂದು ಎಣಿಸುವಂತೆಯೇ ಇಲ್ಲ.

ಎರಡನೆಯದು: ಯಾವುದರ ಬದಲಿಗೆ

ಹೆಚ್ಚಿನವರು ಎಡವುವುದು ಇಲ್ಲಿ. ಹೊಟ್ಟೆ ತುಂಬ ಉಂಡು, ಮೇಲೆ ಸಿಹಿ ತಿಂದು, ಹೃದಯಕ್ಕೆ ಒಳ್ಳೆಯದೆಂದು ಒಂದು ಬಟ್ಟಲು ಹಣ್ಣನ್ನೂ ಸೇರಿಸುತ್ತಾರೆ. ಕ್ಯಾಲರಿ ಮಾತ್ರ ಏರುತ್ತದೆ. ಅದೇ ಹಣ್ಣು ಸಿಹಿಯ ಜಾಗಕ್ಕೆ ಬಂದರೆ ಸಕ್ಕರೆ, ಜಿಡ್ಡು, ಮೈದಾ ಮೂರೂ ಒಟ್ಟಿಗೆ ಇಳಿಯುತ್ತವೆ, ಮೇಲಾಗಿ ನಾರು ಸಿಗುತ್ತದೆ.

ಬೆಣ್ಣೆಹಣ್ಣಿನ (ಅವಕಾಡೊ) ವಿಷಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 2022ರಲ್ಲಿ ಪ್ರಕಟವಾದ, ಅಮೆರಿಕದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸುಮಾರು 30 ವರ್ಷ ಗಮನಿಸಿದ ಅಧ್ಯಯನದಲ್ಲಿ, ವಾರಕ್ಕೆ ಎರಡು ಪಾಲು (ಒಂದು ಪಾಲೆಂದರೆ ಅರ್ಧ ಹಣ್ಣು) ತಿನ್ನುವವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 21 ಕಡಿಮೆ ಇತ್ತು. ಬೆಣ್ಣೆ, ಚೀಸ್, ಸಂಸ್ಕರಿಸಿದ ಮಾಂಸದ ಜಾಗದಲ್ಲಿ ಬೆಣ್ಣೆಹಣ್ಣು ಬಂದರೆ ಅಪಾಯ ತಗ್ಗುವ ಲೆಕ್ಕ ಅದೇ ಅಧ್ಯಯನದಲ್ಲಿದೆ. ಆದರೆ ಅದೇ ವರ್ಷ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಉಳಿದ ಊಟದ ಬಗ್ಗೆ ಏನೂ ಹೇಳದೆ ದಿನಕ್ಕೊಂದು ಬೆಣ್ಣೆಹಣ್ಣು ಕೊಟ್ಟಾಗ ಆರು ತಿಂಗಳಾದರೂ ಹೊಟ್ಟೆಯೊಳಗಿನ ಕೊಬ್ಬು ಕರಗಲಿಲ್ಲ, ಎಲ್‌ಡಿಎಲ್ ಎರಡು ಮೂರು ಅಂಕ ಇಳಿದದ್ದಷ್ಟೆ. 100 ಗ್ರಾಂಗೆ 160 ಕ್ಯಾಲರಿ ಇರುವ ಹಣ್ಣದು. ಬ್ರೆಡ್ಡಿಗೆ ಬೆಣ್ಣೆಯ ಬದಲು ಹಚ್ಚಿದರೆ ಲಾಭ, ಬೆಣ್ಣೆಯ ಮೇಲೆ ಹಚ್ಚಿದರೆ ತೂಕ.

ಮೂರನೆಯದು: ನಿಮ್ಮ ರಿಪೋರ್ಟಿಗೆ ಯಾವ ಹಣ್ಣು

ತಿನ್ನುವ ಭಾಗದ 100 ಗ್ರಾಂನಲ್ಲಿ ಸರಿಸುಮಾರು ಎಷ್ಟಿರುತ್ತದೆ ಎಂಬುದು ಇಲ್ಲಿದೆ. ತಳಿ ಮತ್ತು ಮಾಗಿದ ಹದಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ.

| ಹಣ್ಣು | ನಾರು (ಗ್ರಾಂ) | ಸಕ್ಕರೆ (ಗ್ರಾಂ) | ಪೊಟ್ಯಾಸಿಯಂ (ಮಿ.ಗ್ರಾಂ) |
|---|---|---|---|
| ಬೆಣ್ಣೆಹಣ್ಣು | 6.7 | 0.7 | 485 |
| ಸೀಬೆ (ಪೇರಲ) | 5.4 | 9 | 417 |
| ಬಾಳೆ | 2.6 | 12 | 358 |
| ದಾಳಿಂಬೆ ಕಾಳು | 4.0 | 14 | 236 |
| ದ್ರಾಕ್ಷಿ | 0.9 | 15.5 | 191 |
| ಪಪ್ಪಾಯ | 1.7 | 8 | 182 |
| ಕಿತ್ತಳೆ | 2.4 | 9 | 181 |
| ಮಾವು | 1.6 | 14 | 168 |
| ಸ್ಟ್ರಾಬೆರಿ | 2.0 | 5 | 153 |
| ಕಲ್ಲಂಗಡಿ | 0.4 | 6 | 112 |
| ಸೇಬು, ಸಿಪ್ಪೆ ಸಹಿತ | 2.4 | 10 | 107 |

*ಬಿಪಿ ಹೆಚ್ಚಿದ್ದು ಕಿಡ್ನಿ ಸರಿಯಿದ್ದರೆ* ಕೊನೆಯ ಕಾಲಂ ನೋಡಿ. ಪೊಟ್ಯಾಸಿಯಂ ಸಾಕಷ್ಟು ಸಿಕ್ಕಾಗ ಕಿಡ್ನಿ ಸೋಡಿಯಮ್ಮನ್ನು ಹಿಡಿದಿಡದೆ ಮೂತ್ರದಲ್ಲಿ ಹೊರಹಾಕುತ್ತದೆ, ರಕ್ತನಾಳಗಳ ಬಿಗಿ ಸಡಿಲುತ್ತದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 3,510 ಮಿ.ಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದು ಬಾಳೆಹಣ್ಣಿನಲ್ಲಿ ಸಿಗುವುದು 420ರ ಆಸುಪಾಸು. ಬಾಳೆಹಣ್ಣೊಂದರಿಂದಲೇ ತುಂಬಿಸಹೊರಟರೆ ಎಂಟು ಬೇಕು, ಅದು ಹುಚ್ಚುತನ. ಹಣ್ಣಿನಿಂದ ಕಾಲುಭಾಗದಷ್ಟು ಬರಲಿ, ಉಳಿದದ್ದನ್ನು ತರಕಾರಿ, ಬೇಳೆಕಾಳು, ಹಾಲು ಮೊಸರು ಕೊಡುತ್ತವೆ. ಪೊಟ್ಯಾಸಿಯಂ ಎಂದರೆ ಬಾಳೆಹಣ್ಣೇ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ, ಸೀಬೆ ಅದಕ್ಕಿಂತ ಮುಂದಿದೆ. ಒಂದು ಎಚ್ಚರಿಕೆ: ಕತ್ತರಿಸಿದ ಹಣ್ಣಿನ ಮೇಲೆ ಉಪ್ಪು ಉದುರಿಸುವ ಅಭ್ಯಾಸವಿದ್ದರೆ ಬಿಡಿ. ಒಂದು ಗ್ರಾಂ ಉಪ್ಪಿನಲ್ಲಿ ಸುಮಾರು 400 ಮಿ.ಗ್ರಾಂ ಸೋಡಿಯಂ ಇದೆ. ದಿನದ ಮಿತಿಯೇ 2,000. ಸೀಬೆಯ ಪೊಟ್ಯಾಸಿಯಂ ಗಳಿಸಿಕೊಟ್ಟದ್ದನ್ನು ಆ ಚಿಟಿಕೆಗಳು ಕಳೆದುಬಿಡುತ್ತವೆ.

*ಎಲ್‌ಡಿಎಲ್ ಹೆಚ್ಚಿದ್ದರೆ* ನೋಡಬೇಕಾದದ್ದು ಪೆಕ್ಟಿನ್. ಸೇಬು, ಮರಸೇಬು, ಸೀಬೆ, ಕಿತ್ತಳೆಯ ಬಿಳಿ ಭಾಗದಲ್ಲಿರುವ ಈ ಕರಗುವ ನಾರು ಕರುಳಿನಲ್ಲಿ ಲೋಳೆಯಂತಾಗಿ ಪಿತ್ತಾಮ್ಲವನ್ನು ಹಿಡಿದುಕೊಂಡು ಮಲದ ಜೊತೆ ಹೊರಗೊಯ್ಯುತ್ತದೆ. ಕಳೆದುಹೋದ ಪಿತ್ತಾಮ್ಲವನ್ನು ಮತ್ತೆ ತಯಾರಿಸಲು ಯಕೃತ್ತಿಗೆ ಕೊಲೆಸ್ಟರಾಲ್ ಬೇಕು. ಅದನ್ನದು ರಕ್ತದಲ್ಲಿರುವ ಎಲ್‌ಡಿಎಲ್‌ನಿಂದ ಸೆಳೆದುಕೊಳ್ಳುತ್ತದೆ. ಕೊಲೆಸ್ಟರಾಲ್ ಮಟ್ಟ ಕಾಯ್ದುಕೊಳ್ಳಲು ದಿನಕ್ಕೆ 6 ಗ್ರಾಂ ಪೆಕ್ಟಿನ್ ಬೇಕೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದೆ. ಒಂದು ಸೇಬಿನಿಂದ ಬರುವ ಕರಗುವ ನಾರು ಸುಮಾರು ಒಂದು ಗ್ರಾಂ ಮಾತ್ರ. ಹಾಗಾಗಿ ಹಣ್ಣೊಂದರಿಂದಲೇ ಆ ಪ್ರಮಾಣ ಮುಟ್ಟುವುದು ಕಷ್ಟ. ಓಟ್ಸ್, ಬಾರ್ಲಿ, ಬೇಳೆಕಾಳುಗಳ ಕರಗುವ ನಾರನ್ನೂ ಜೊತೆಗೆ ಸೇರಿಸಬೇಕು. ದಿನಕ್ಕೆರಡು ಸೇಬು ಎಂಟು ವಾರ ತಿನ್ನಿಸಿದ 2020ರ ಪ್ರಯೋಗದಲ್ಲಿ ಎಲ್‌ಡಿಎಲ್ ಇಳಿದದ್ದು ಅಳತೆಗೆ ಸಿಕ್ಕಿತು, ಆದರೆ ಶೇ. 4ರಷ್ಟು ಮಾತ್ರ. ಅಲ್ಲೂ ಸಿಪ್ಪೆ ಮುಖ್ಯ. ಸೇಬಿನ ಸಿಪ್ಪೆ ಹೆರೆದರೆ 100 ಗ್ರಾಂಗೆ 2.4 ಇದ್ದ ನಾರು 1.3ಕ್ಕೆ ಇಳಿಯುತ್ತದೆ. ಮೇಲೆ ಮೇಣ ಹಚ್ಚಿದ್ದಾರೆಂಬ ಭಯವಿದ್ದರೆ ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆದು ಬಟ್ಟೆಯಲ್ಲಿ ಒರೆಸಿ, ಹೆರೆಯಬೇಡಿ.

*ಮಧುಮೇಹವಿದ್ದರೆ* ಹಣ್ಣನ್ನೇ ಬಿಟ್ಟುಬಿಡುವವರಿದ್ದಾರೆ. ಇದು ನಮಗೆ ತೀರಾ ಬೇಸರ ತರುವ ತಪ್ಪು, ಏಕೆಂದರೆ ಹೃದಯದ ಅಪಾಯ ಹೆಚ್ಚಿರುವುದೇ ಇವರಿಗೆ. ಚೀನಾದ ಅದೇ ಅಧ್ಯಯನದವರು 2017ರಲ್ಲಿ ಮಧುಮೇಹ ಇರುವವರನ್ನೇ ಬೇರೆಯಾಗಿ ನೋಡಿದಾಗಲೂ ತಾಜಾ ಹಣ್ಣು ತಿನ್ನುವವರಲ್ಲಿ ಸಾವು ಮತ್ತು ರಕ್ತನಾಳದ ತೊಂದರೆಗಳು ಕಡಿಮೆಯೇ ಇದ್ದವು. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಬ್ಲೂಬೆರಿ, ದ್ರಾಕ್ಷಿ, ಸೇಬನ್ನು ಇಡಿಯಾಗಿ ತಿನ್ನುವವರಿಗೆ ಮಧುಮೇಹ ಬರುವ ಸಂಭವ ಕಡಿಮೆ, ರಸ ಕುಡಿಯುವವರಿಗೆ ಹೆಚ್ಚು ಎಂದು ತೋರಿಸಿತು. ಪಾಲಿಸಬೇಕಾದದ್ದು ಇಷ್ಟು: ಒಂದು ಸಲಕ್ಕೆ ಒಂದೇ ಪಾಲು, ಎರಡು ಪಾಲಿನ ನಡುವೆ ಕೆಲವು ಗಂಟೆ ಅಂತರ, ಖಾಲಿ ಹಣ್ಣಿಗಿಂತ ಮೊಸರಿನ ಜೊತೆಗೋ ಒಂದು ಹಿಡಿ ಬಾದಾಮಿ ಅಥವಾ ಕಡಲೆಕಾಯಿಯ ಜೊತೆಗೋ. ಸೀಬೆ, ಸೇಬು, ಕಿತ್ತಳೆ, ಬೆರಿಗಳು ಮೊದಲ ಸಾಲು. ಬಾಳೆ ಹೆಚ್ಚು ಮಾಗಿದಷ್ಟೂ ಅದರ ಪಿಷ್ಟ ಸಕ್ಕರೆಯಾಗುತ್ತದೆ, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಹರಡುವ ಮೊದಲೇ ತಿನ್ನಿ, ಸಣ್ಣದಾದರೆ ಒಂದು, ದೊಡ್ಡದಾದರೆ ಅರ್ಧ. ಸಂದೇಹವಿದ್ದರೆ ತಿನ್ನುವ ಮೊದಲು ಮತ್ತು ಎರಡು ಗಂಟೆಯ ನಂತರ ಗ್ಲುಕೋಮೀಟರಿನಲ್ಲಿ ನೋಡಿ. ಯಾವ ಹಣ್ಣು ಎಷ್ಟು ಏರಿಸುತ್ತದೆಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ, ನಿಮ್ಮ ಬೆರಳ ತುದಿಯ ಒಂದು ಹನಿ ಯಾವ ಪಟ್ಟಿಗಿಂತಲೂ ನಿಖರ.

*ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಏರಿದ್ದರೆ* ರಸ, ಖರ್ಜೂರ, ಒಣದ್ರಾಕ್ಷಿ ದೂರವಿಡಿ. ಬೇಗ ಬಂದೆರಗುವ ಫ್ರುಕ್ಟೋಸನ್ನು, ಅಂದರೆ ಹಣ್ಣಿನ ಸಕ್ಕರೆಯನ್ನು, ಯಕೃತ್ತು ಕೊಬ್ಬಾಗಿಸುತ್ತದೆ. ಇಡೀ ಹಣ್ಣು ದಿನಕ್ಕೆ ಎರಡು ಪಾಲು ಸಾಕು.

ಬೆರಿಗಳ ಬಗ್ಗೆ ಒಂದು ಮಾತು. 93,600 ಮಹಿಳೆಯರನ್ನು 18 ವರ್ಷ ಗಮನಿಸಿದ 2013ರ ಅಧ್ಯಯನದಲ್ಲಿ ಬ್ಲೂಬೆರಿ, ಸ್ಟ್ರಾಬೆರಿಯನ್ನು ವಾರಕ್ಕೆ ಮೂರು ಪಾಲಿಗಿಂತ ಹೆಚ್ಚು ತಿಂದವರಲ್ಲಿ ಹೃದಯಾಘಾತ ಸುಮಾರು ಮೂರನೇ ಒಂದು ಭಾಗ ಕಡಿಮೆ ಇತ್ತು. ಅವುಗಳ ಕೆಂಪು ನೀಲಿ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ ರಕ್ತನಾಳದ ಒಳಪದರಕ್ಕೆ ಒಳಿತೆಂಬ ವಿವರಣೆ ಇದೆ. ಅದೇ ವರ್ಗದ ಬಣ್ಣ ಕಪ್ಪು ದ್ರಾಕ್ಷಿಯಲ್ಲೂ ನೇರಳೆಹಣ್ಣಿನಲ್ಲೂ ಇದೆ. ಆದ್ದರಿಂದ ಬೆರಿ ಸಿಗಲಿಲ್ಲವೆಂದು ಕೊರಗಬೇಕಾಗಿಲ್ಲ, ಗಾಢ ಬಣ್ಣದ ಹಣ್ಣೊಂದು ವಾರದಲ್ಲಿ ಮೂರ್ನಾಲ್ಕು ಸಲ ತಟ್ಟೆಯಲ್ಲಿರಲಿ.

ಯಾರು ಎಚ್ಚರದಿಂದಿರಬೇಕು

ಕಿಡ್ನಿ ಕುಂದಿದವರಿಗೆ ಮೇಲಿನ ಪಟ್ಟಿ ತಲೆಕೆಳಗಾಗುತ್ತದೆ. ರಕ್ತದ ಪೊಟ್ಯಾಸಿಯಂ ಸಾಮಾನ್ಯವಾಗಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರುತ್ತದೆ. ಹೊರಹಾಕುವ ಶಕ್ತಿ ಕಡಿಮೆಯಾದಾಗ ಅದು ಏರಿ ಹೃದಯದ ಬಡಿತದ ಲಯವನ್ನೇ ಕೆಡಿಸಬಲ್ಲದು, ಎಷ್ಟೋ ಸಲ ಯಾವ ಮುನ್ಸೂಚನೆಯೂ ಇರುವುದಿಲ್ಲ. ರಾಮಿಪ್ರಿಲ್, ಎನಾಲಾಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್‌ನಂಥ ಬಿಪಿ ಮತ್ತು ಹೃದಯದ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಈ ಮಾತ್ರೆ ತೆಗೆದುಕೊಂಡವರೆಲ್ಲ ಬಾಳೆಹಣ್ಣಿಗೆ ಹೆದರಬೇಕಿಲ್ಲ. ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಸರಿಯಿದ್ದರೆ ದಿನಕ್ಕೆ ಎರಡು ಮೂರು ಪಾಲು ಹಣ್ಣು ತೊಂದರೆ ಮಾಡದು. ಪೊಟ್ಯಾಸಿಯಂ ಏರಿದೆ ಎಂದು ವೈದ್ಯರು ಹೇಳಿದ್ದರೆ ಸೇಬು, ಸ್ಟ್ರಾಬೆರಿ, ಅನಾನಸ್ ಕಡೆ ವಾಲಿ. ಬಾಳೆ, ಸೀಬೆ, ಬೆಣ್ಣೆಹಣ್ಣು, ಒಣಹಣ್ಣು, ಎಲ್ಲ ಬಗೆಯ ರಸ ಬಿಡಿ. ಸೋಡಿಯಂ ಕಡಿಮೆಯ ಬದಲಿ ಉಪ್ಪಿನಲ್ಲಿ ಇರುವುದೂ ಪೊಟ್ಯಾಸಿಯಮ್ಮೇ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಧಾರೆಹುಳಿ ಅಥವಾ ಕಮರಾಕ್ಷಿ ಎನ್ನುವ, ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ಹಣ್ಣನ್ನು ಕಿಡ್ನಿ ಕಾಯಿಲೆಯವರು ಒಂದು ಹೋಳೂ ತಿನ್ನಬಾರದು. ಅದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ವಿಷ ದೇಹದಲ್ಲಿ ಉಳಿದು ನಿಲ್ಲದ ಬಿಕ್ಕಳಿಕೆ, ಗೊಂದಲ, ಸೆಳೆತಕ್ಕೆ ಕಾರಣವಾಗುತ್ತದೆ, ಜೀವವೂ ಹೋಗಬಹುದು.

ಕಿತ್ತಳೆ ಜಾತಿಯದೇ ಆದ, ತುಸು ಕಹಿಯ ಗ್ರೇಪ್‌ಫ್ರೂಟ್ ಕಥೆ ಬೇರೆ. ಮದ್ಯ ಮತ್ತು ಬಿಪಿ ಮಾತ್ರೆ ಫೆಲೋಡಿಪಿನ್ ಒಟ್ಟಿಗೆ ಏನು ಮಾಡುತ್ತವೆಂದು ನೋಡಲು ಕೆನಡಾದ ಸಂಶೋಧಕರು ಮಾಡಿದ ಪ್ರಯೋಗದಲ್ಲಿ ಮದ್ಯದ ರುಚಿ ತಿಳಿಯದಿರಲೆಂದು ಈ ಹಣ್ಣಿನ ರಸ ಬೆರೆಸಿದ್ದರು. ರಕ್ತದಲ್ಲಿ ಔಷಧಿಯ ಮಟ್ಟ ಎಣಿಕೆಗೂ ಮೀರಿ ಏರಿತ್ತು. 1989ರಲ್ಲಿ ಪ್ರಕಟವಾದ ಆ ಕೆಲಸದಿಂದಲೇ ಹಣ್ಣಿನ ಈ ಗುಣ ಬೆಳಕಿಗೆ ಬಂತು. ಅದರಲ್ಲಿರುವ ಫ್ಯುರಾನೊಕೌಮರಿನ್‌ಗಳು ಔಷಧಿಯನ್ನು ಒಡೆಯುವ ಕರುಳಿನ ಕಿಣ್ವವನ್ನು ಕೆಲಸಕ್ಕೆ ಬಾರದಂತೆ ಮಾಡುತ್ತವೆ. ಹೊಸ ಕಿಣ್ವ ತಯಾರಾಗಲು ಒಂದರಿಂದ ಮೂರು ದಿನ ಬೇಕು. ಹಾಗಾಗಿ ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂಬ ಉಪಾಯ ನಡೆಯುವುದಿಲ್ಲ. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳಲ್ಲಿ ಸಿಮ್ವಾಸ್ಟಾಟಿನ್, ಲೋವಾಸ್ಟಾಟಿನ್, ಸ್ವಲ್ಪ ಮಟ್ಟಿಗೆ ಅಟೋರ್ವಾಸ್ಟಾಟಿನ್, ಜೊತೆಗೆ ಬಿಪಿಯ ಫೆಲೋಡಿಪಿನ್, ನಿಫೆಡಿಪಿನ್, ಹೃದಯದ ಲಯ ಸರಿಪಡಿಸುವ ಅಮಿಯೊಡರೋನ್ ಈ ಸಾಲಿಗೆ ಬರುತ್ತವೆ. ರೋಸುವಾಸ್ಟಾಟಿನ್, ಪ್ರವಾಸ್ಟಾಟಿನ್‌ಗೆ ಈ ತೊಡಕಿಲ್ಲ. ಚಕ್ಕೋತದಲ್ಲೂ ಅದೇ ವಸ್ತು ಇದೆ, ಅದನ್ನು ಮರೆಯುವವರೇ ಹೆಚ್ಚು. ಸ್ಟಾಟಿನ್ ತೆಗೆದುಕೊಳ್ಳುತ್ತ ಸ್ನಾಯುಗಳಲ್ಲಿ ಕಾರಣವಿಲ್ಲದ ನೋವು, ಮೂತ್ರ ಕಡುಕಂದು ಬಣ್ಣವಾದದ್ದು ಕಂಡರೆ ತಡಮಾಡದೆ ವೈದ್ಯರನ್ನು ಕಾಣಿ. ಸಿಹಿ ಕಿತ್ತಳೆ ತಿನ್ನಲು ಅಡ್ಡಿಯಿಲ್ಲ. ಆದರೆ ಮಾತ್ರೆ ನುಂಗುವುದು ನೀರಿನಲ್ಲೇ ಇರಲಿ. ಅಟೆನೊಲಾಲ್‌ನಂಥ ಬಿಪಿ ಮಾತ್ರೆಯನ್ನು ಸೇಬು, ಕಿತ್ತಳೆ ರಸದ ಜೊತೆ ನುಂಗಿದರೆ ರಕ್ತಕ್ಕೆ ಸೇರುವ ಪ್ರಮಾಣವೇ ತಗ್ಗುತ್ತದೆ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು ಕಿವಿಹಣ್ಣು, ಬೆಣ್ಣೆಹಣ್ಣನ್ನು ಬಿಡಬೇಕಿಲ್ಲ, ವಾರದಿಂದ ವಾರಕ್ಕೆ ಪ್ರಮಾಣ ಏರುಪೇರಾಗದಂತೆ ನೋಡಿಕೊಂಡರೆ ಸರಿ. ಹೃದಯ ದುರ್ಬಲವಾಗಿ ನೀರಿನ ಮಿತಿ ಹಾಕಿಸಿಕೊಂಡವರು ಕಲ್ಲಂಗಡಿಯನ್ನು ನೀರಿನ ಲೆಕ್ಕಕ್ಕೇ ಸೇರಿಸಬೇಕು. ಅದರ ಶೇ. 90ಕ್ಕೂ ಹೆಚ್ಚು ಭಾಗ ನೀರೇ.

ಎಷ್ಟು, ಹೇಗೆ ಶುರು ಮಾಡುವುದು

ಹಣ್ಣು ತರಕಾರಿ ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಳತೆ, ಆಲೂಗಡ್ಡೆ ಇದರಲ್ಲಿ ಸೇರದು. 80 ಗ್ರಾಂನ ಐದು ಪಾಲಾದರೆ ಎರಡು ಹಣ್ಣಿಗೆ, ಮೂರು ತರಕಾರಿಗೆ ಹಂಚುವುದು ಅನುಕೂಲ. ಒಮ್ಮೆಯಾದರೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ, ಕಣ್ಣಿಗೆ ಅಂದಾಜು ಸಿಗುತ್ತದೆ. ದೊಡ್ಡ ಸೇಬೊಂದು ಎರಡು ಪಾಲಿನಷ್ಟಿರುತ್ತದೆ. ದಾಳಿಂಬೆ ಕಾಳು ಅರ್ಧ ಬಟ್ಟಲು ಅಥವಾ ದ್ರಾಕ್ಷಿ ಹದಿನೈದು ಹದಿನಾರು ಎಂದರೆ ಒಂದು ಪಾಲು, ಮಧ್ಯಮ ಗಾತ್ರದ ಬಾಳೆಹಣ್ಣು ಸುಮಾರು ಒಂದೂವರೆ ಪಾಲು.

ಇಲ್ಲಿಯವರೆಗೆ ಹಣ್ಣೇ ತಿನ್ನದವರು ಮೊದಲ ವಾರವೇ ಮೂರು ಸೀಬೆಗೆ ಏರಿದರೆ ಹೊಟ್ಟೆ ಉಬ್ಬರಿಸಿ, ಎರಡನೇ ವಾರಕ್ಕೆ ಹಣ್ಣೇ ಬೇಡವೆನ್ನಿಸುತ್ತದೆ. ಕರುಳಿನ ಸೂಕ್ಷ್ಮಜೀವಿಗಳು ಹೊಸ ನಾರಿಗೆ ಹೊಂದಿಕೊಳ್ಳಲು ಸಮಯ ಬೇಕು. ಮೊದಲ ವಾರ ದಿನಕ್ಕೊಂದು ಪಾಲು, ಮುಂದಿನ ವಾರ ಎರಡು, ನೀರು ಸಾಕಷ್ಟು. ಊಟವಾದ ಮೇಲೆ ಹಣ್ಣು ತಿಂದರೆ ಹೊಟ್ಟೆಯಲ್ಲಿ ಕೊಳೆಯುತ್ತದೆ ಎಂಬುದು ನಿಜವಲ್ಲ, ಜಠರದ ಆಮ್ಲದಲ್ಲಿ ಕೊಳೆಯಲು ಎಡೆಯೇ ಇಲ್ಲ. ಸಿಹಿ ತಿನ್ನುವ ಆಸೆ ಬರುವುದು ಊಟದ ಕೊನೆಗಾದರೆ ಹಣ್ಣಿಗೂ ಅದೇ ಸರಿಯಾದ ಹೊತ್ತು. ತಿನ್ನುವ ಹೊತ್ತಿಗೆ ಕತ್ತರಿಸಿ, ಮೊದಲೇ ಹೆಚ್ಚಿಟ್ಟರೆ ಗಾಳಿ ತಾಗಿ ಸಿ ಜೀವಸತ್ವ ಕಡಿಮೆಯಾಗುತ್ತ ಹೋಗುತ್ತದೆ. ಹೆಚ್ಚಿಡಲೇಬೇಕೆಂದರೆ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನೊಳಗಿಡಿ, ಅದೇ ದಿನ ಮುಗಿಸಿ.

ಹಣ್ಣಿನ ಸತ್ವವೆಲ್ಲ ಗುಳಿಗೆಯಲ್ಲೇ ಸಿಗುವಾಗ ಹಣ್ಣೇಕೆ ಎನ್ನುವವರಿಗೆ ಉತ್ತರ ದೊಡ್ಡ ಪ್ರಯೋಗಗಳಲ್ಲಿದೆ. 14,641 ಪುರುಷ ವೈದ್ಯರಿಗೆ ವರ್ಷಗಟ್ಟಲೆ ಸಿ ಮತ್ತು ಇ ಜೀವಸತ್ವ ಕೊಟ್ಟು 2008ರಲ್ಲಿ ಫಲಿತಾಂಶ ನೋಡಿದಾಗ ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಕಡಿಮೆಯಾಗಿರಲಿಲ್ಲ. ಬೀಟಾ ಕ್ಯಾರೊಟಿನ್ ಗುಳಿಗೆ ನುಂಗಿದ ಧೂಮಪಾನಿಗಳಲ್ಲಿ 1994 ಮತ್ತು 1996ರ ಪ್ರಯೋಗಗಳು ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾದದ್ದನ್ನೇ ಕಂಡವು. ನಾರು, ಪೊಟ್ಯಾಸಿಯಂ, ನೀರು, ನಿಧಾನವಾಗಿ ಅಗಿಯುವ ಕೆಲಸ, ಸಿಹಿತಿಂಡಿಯ ಜಾಗ ತುಂಬುವ ಗುಣ, ಇವ್ಯಾವುವೂ ಗುಳಿಗೆಯಲ್ಲಿ ಹಿಡಿಸುವುದಿಲ್ಲ.

ಶುರು ಮಾಡುವ ಮೊದಲು ಒಂದು ವಾರ ಮನೆಯಲ್ಲೇ ಬಿಪಿ ಬರೆದಿಡಿ. ಐದು ನಿಮಿಷ ಬೆನ್ನು ಆನಿಸಿ ಸುಮ್ಮನೆ ಕೂತು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ, ಬೆಳಿಗ್ಗೆಯೂ ಸಂಜೆಯೂ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಎಂಟು ವಾರದ ಮೇಲೆ ಅದೇ ರೀತಿ ಮತ್ತೊಂದು ವಾರ ನೋಡಿ. ಕೊಲೆಸ್ಟರಾಲ್ ಪರೀಕ್ಷೆಯೂ ಅದೇ ಹೊತ್ತಿಗೆ, ಅದೇ ಲ್ಯಾಬಿನಲ್ಲಾದರೆ ಹೋಲಿಸಲು ಸುಲಭ. ಅಂಕಿ ಇಳಿದಿದ್ದರೆ ಆ ಎರಡು ಹಾಳೆಯನ್ನೂ ವೈದ್ಯರ ಮುಂದಿಡಿ, ಮಾತ್ರೆ ಕಡಿಮೆ ಮಾಡಬಹುದೇ ಎಂಬುದನ್ನು ಅವರೇ ತೀರ್ಮಾನಿಸಲಿ. ಇಳಿಯದಿದ್ದರೆ ಮೊದಲು ಹುಡುಕಬೇಕಾದದ್ದು ಇನ್ನೊಂದು ಹಣ್ಣನ್ನಲ್ಲ, ಊಟದ ಉಪ್ಪನ್ನು ಮತ್ತು ಹಣ್ಣು ಬಂದ ಮೇಲೂ ತಟ್ಟೆಯಿಂದ ಕದಲದೆ ಉಳಿದಿರುವ ಸಿಹಿಯನ್ನು.